ಗೋದಲಿಯ ಬಾಣಂತನ

ಅಟ್ಟ ಹತ್ತಿದವರಿಗೆ ಹುಡುಕಿದ್ದೇ ಸಿಕ್ಕಿತು ಎಂಬ ಮಾತನ್ನು ನಾನು ನಂಬುವುದಿಲ್ಲ. ಕಳೆದ ಡಿಸೆಂಬರಿನ ಕೊನೆಯ ವಾರ ತೊಟ್ಟಿಲಿನ ಸರಪಳಿ ಹುಡುಕಿಕೊಂಡು ನಾನು ಏಣಿ ಹತ್ತಿದೆ. ಅರವತ್ತು ದಾಟಿದ, ಮಂಡಿನೋವಿನ ನಿವೃತ್ತ ಶಿಕ್ಷಕಿಯೊಬ್ಬಳು ಏಣಿ ಹತ್ತುವ ಚಂದವನ್ನು ನೀವೇ ಊಹಿಸಿಕೊಳ್ಳಿ. ಕೋಣೆಯಲ್ಲಿ ಮೂರು ದಿನದ ಹೆಣ್ಣುಕೂಸಿನ ಪಕ್ಕ ಮಲಗಿದ್ದ ಮಗಳು ಶೈಲಾ, "ಅಮ್ಮಾ, ಬಿದ್ದುಗಿದ್ದಿ. ಒಂದ ಮನ್ಯಾಗ ಇಬ್ರಿಗೆ ಬಾಣಂತನ ಮಾಡೋರು ಯಾರದಾರ?" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಸರಪಳಿ ಸಿಗಲಿಲ್ಲ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಸೀರೆಯ ಅಂಚಿನಿಂದ ಕಟ್ಟಿದ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಮಣ್ಣಿನ ಎತ್ತು. ಒಂದು ಕೊಂಬು ಮುರಿದಿತ್ತು. ಹೆಗಲಿಗೆ ಬಳಿದಿದ್ದ ಸುಣ್ಣ ಮಾತ್ರ ಇನ್ನೂ ಬಿಳಿಯಾಗಿತ್ತು. ನಾನು ಅಟ್ಟದ ಧೂಳಿನಲ್ಲೇ ಕುಳಿತುಬಿಟ್ಟೆ.

ಸರಪಳಿ ಸಿಕ್ಕಿದ್ದರೂ ನನಗೆ ಸಮಾಧಾನವೇನೂ ಆಗುತ್ತಿರಲಿಲ್ಲ. ಇನ್ನು ಒಂಬತ್ತು ದಿನಕ್ಕೆ ತೊಟ್ಟಿಲ ಶಾಸ್ತ್ರ. ನಮ್ಮ ಕಡೆ ಹೆಣ್ಣುಕೂಸಾದರೆ ಹನ್ನೆರಡನೆಯ ದಿನ, ಗಂಡಾದರೆ ಹದಿಮೂರನೆಯ ದಿನ. ಕೂಸನ್ನು ತೊಟ್ಟಿಲಿಗೆ ಹಾಕುವವರು ಮುತ್ತೈದೆಯರು. ನನ್ನ ಯಜಮಾನರು ಹೋಗಿ ಮೂರು ವರ್ಷವಾಯಿತು. 'ನೀನು ತೊಟ್ಟಿಲು ಮುಟ್ಟಬೇಡ' ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳುವ ಮೊದಲೇ ನಾನು ಹರಪನಹಳ್ಳಿಯ ಬೀಗತಿಗೆ ಫೋನು ಮಾಡಿ, "ಶಾಸ್ತ್ರದ್ದು ನೀವ ನೋಡ್ಕಳ್ರಿ, ನಾನು ಅಡಗಿ ಮನಿ ನೋಡ್ಕೊಂತೀನಿ" ಎಂದುಬಿಟ್ಟಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿದ ಬಾಯಿ ಇದು. ಮೂಢನಂಬಿಕೆಯ ಪಾಠವನ್ನು ಕಣ್ಣುಮುಚ್ಚಿ ಮಾಡುತ್ತಿದ್ದೆ. ಈಗ ನೋಡಿದರೆ ಕಣ್ಣುಮುಚ್ಚಿಯೇ ಮಾಡಿದ್ದೆ.

ಎತ್ತಿನ ವಿಷಯಕ್ಕೆ ಬರುತ್ತೇನೆ. ಮುಂಗಾರಿನ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದಲ್ಲ, ಕೆರೆಯ ಜಿಗುಟು ಮಣ್ಣು ತಂದು ಎತ್ತು ಮಾಡಿ ಪೂಜಿಸುತ್ತೇವಲ್ಲ, ಅಂಥದ್ದೇ ಎತ್ತು. ಆದರೆ ಆ ಎತ್ತುಗಳು ಯಾವಾಗಲೂ ಜೋಡಿ. ಪೂಜೆ ಮುಗಿದ ಮೇಲೆ ನೀರಿಗೆ ಬಿಡುತ್ತಾರೆ, ಇಲ್ಲವೇ ಮಾಳಿಗೆಯ ಮೇಲೆ ಇಡುತ್ತಾರೆ, ಮಳೆಗೆ ಕರಗಿ ಹೋಗುತ್ತವೆ. ಈ ಎತ್ತು ಒಂಟಿಯಾಗಿತ್ತು, ಕರಗದೆ ಉಳಿದಿತ್ತು. ಯಾಕೆಂದರೆ ಇದು ಹಲವು ಡಿಸೆಂಬರುಗಳಲ್ಲಿ ಏಸುಸ್ವಾಮಿಯ ಗೋದಲಿಯ ಮುಂದೆ ನಿಂತು ಬಂದ ಎತ್ತು. ಅಲ್ಲಿಗೆ ಇದನ್ನು ಕಳಿಸಿದವಳು ನನ್ನ ಸೋದರತ್ತೆ ಹಾಲಮ್ಮ.

ನಾನು ಹುಟ್ಟಿ ಬೆಳೆದದ್ದು ಹೂವಿನಹಡಗಲಿಯಲ್ಲಿ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡ ಅತ್ತೆ ತವರಿಗೆ ಬಂದು ನಮ್ಮ ಜೊತೆಯೇ ಉಳಿದಳು. ಅವಳು ಬಂದ ಎರಡು ವರ್ಷಕ್ಕೆ ನಾನು ಹುಟ್ಟಿದೆ. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನನ್ನ ಕಿವಿಯಲ್ಲಿ ಹೇಳಿದವರು ದೂರದ ಸಂಬಂಧದ ಇನ್ನಾರೋ. ಅತ್ತೆ ಆವತ್ತು ಹಿತ್ತಲಲ್ಲಿ ಹೋಳಿಗೆಯ ಬೇಳೆ ರುಬ್ಬುತ್ತಿದ್ದಳಂತೆ.

ಆದರೆ ಕೂಸಿಗೆ ನೀರು ಹಾಕುವುದರಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಓಣಿಯಲ್ಲಿ ಯಾರು ಹೆತ್ತರೂ ಬೆಳಗಾಗುವಷ್ಟರಲ್ಲಿ ಅತ್ತೆಗೆ ಕರೆ ಬರುತ್ತಿತ್ತು. ಬಚ್ಚಲಲ್ಲಿ ಮಣೆ ಹಾಕಿ, ಎರಡು ಕಾಲು ಚಾಚಿ, ಕೂಸನ್ನು ಕಾಲುಗಳ ಮೇಲೆ ಬೋರಲು ಮಲಗಿಸಿ ಬಿಸಿನೀರು ಹಾಕುತ್ತಿದ್ದಳು. ಅಳುವ ಕೂಸು ಅವಳ ಕಾಲ ಮೇಲೇ ನಿದ್ದೆ ಹೋಗುತ್ತಿತ್ತು. ಆಮೇಲೆ ಲೋಬಾನದ ಹೊಗೆ, ಬಾಣಂತಿಗೆ ಎಣ್ಣೆ, ಅವಳು ಮಲಗುವ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಹನ್ನೊಂದು ದಿನ ಹೀಗೆ. ಹನ್ನೆರಡನೆಯ ದಿನ ಬೆಳಿಗ್ಗೆ ಕೂಸಿಗೆ ನೀರು ಹಾಕಿ, ಒರೆಸಿ, ತಲೆಗೆ ಕುಂಚಿಗೆ ಕಟ್ಟಿ, ಮುತ್ತೈದೆಯರ ಕೈಗೆ ಕೊಟ್ಟು ಅವಳು ಅಡುಗೆ ಮನೆಗೆ ಹೋಗುತ್ತಿದ್ದಳು. ಹೋಗೆಂದು ಯಾರೂ ಹೇಳುತ್ತಿರಲಿಲ್ಲ. ಇದು ಅನ್ಯಾಯವೆಂದು ಚಿಕ್ಕವಳಾದ ನನಗೆ ಅನ್ನಿಸುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಗಮನವೆಲ್ಲ ಸಕ್ಕರೆ, ಕೊಬ್ಬರಿ ಹಂಚುವ ತಟ್ಟೆಯ ಮೇಲಿರುತ್ತಿತ್ತು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಊರಿಗೆ ಲೂರ್ದಮ್ಮ ಎಂಬ ನರ್ಸು ಬಂದರು. ನಮಗೆ ಪರಿಚಯವಿದ್ದ ಕ್ರೈಸ್ತರೆಂದರೆ ಅವರೊಬ್ಬರೇ. ಮದುವೆಯಾಗಿರಲಿಲ್ಲ. ಮೊದಮೊದಲು ಅವರಿಗೂ ಅತ್ತೆಗೂ ಎಣ್ಣೆ ಸೀಗೇಕಾಯಿ. ಕೂಸಿನ ಕಿವಿಗೆ ಎಣ್ಣೆ ಬಿಡಬೇಡ, ಹೊರಸಿನ ಕೆಳಗೆ ಕೆಂಡ ಇಡಬೇಡ ಎಂದು ಅವರು. "ಹಡೆದವಳಲ್ಲ, ಕಟ್ಟಿಕೊಂಡವಳಲ್ಲ, ನನಗ ಬಾಣಂತನ ಹೇಳಾಕ ಬಂದಾಳ" ಎಂದು ಇವಳು. ತಾನೂ ಹಡೆದವಳಲ್ಲ ಎಂಬುದು ಆ ಸಿಟ್ಟಿನಲ್ಲಿ ಅತ್ತೆಗೆ ನೆನಪಾಗುತ್ತಿರಲಿಲ್ಲ. ಒಂದು ಕಷ್ಟದ ಹೆರಿಗೆಯಲ್ಲಿ ಇಬ್ಬರೂ ಒಂದು ಹಗಲು ಪೂರ್ತಿ ಒಂದೇ ಕೋಣೆಯಲ್ಲಿದ್ದರು. ತಾಯಿಯೂ ಕೂಸೂ ಉಳಿದವು. ಅಂದಿನಿಂದ ಅತ್ತೆಯ ಬಾಯಲ್ಲಿ ಆಕೆ 'ನರ್ಸಕ್ಕ' ಆದಳು, ಆಕೆಯ ಬಾಯಲ್ಲಿ ಇವಳು 'ಹಾಲಮ್ಮಕ್ಕ'.

ಆ ವರ್ಷ ಕ್ರಿಸ್‌ಮಸ್ ದಿನ ಬೆಳಿಗ್ಗೆ ನರ್ಸಕ್ಕನ ಮನೆಯಿಂದ ನಮ್ಮ ಮನೆಗೆ ಒಂದು ತಟ್ಟೆ ಬಂತು. ಕಂದು ಬಣ್ಣದ ರೊಟ್ಟಿಯಂಥದ್ದು, ಒಳಗೆಲ್ಲ ಉತ್ತತ್ತಿ, ದ್ರಾಕ್ಷಿ. ನಾವು ಕಂಡ ಮೊದಲ ಕೇಕು. ಅತ್ತೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಯೋಚಿಸಿ, "ಇದು ಅಂಟಿನುಂಡಿ ಬೀಗರದು" ಎಂದು ತೀರ್ಪು ಕೊಟ್ಟಳು. ಅಂಟಿನುಂಡೆ ನಮ್ಮಲ್ಲಿ ಬಾಣಂತಿಯರಿಗೆ ಮಾಡುವುದು. "ನರ್ಸಕ್ಕನ ಮನ್ಯಾಗ ಯಾರು ಹಡದಾರ?" ಎಂದು ನನ್ನನ್ನು ಕೇಳಿದಳು. ಶಾಲೆಯಲ್ಲಿ ಕಲಿತಿದ್ದ ನಾನು, ಇವತ್ತು ಅವರ ದೇವರು ಹುಟ್ಟಿದ ದಿನ ಎಂದೆ. ಖಾಲಿ ತಟ್ಟೆ ತಿರುಗಿಸಿ ಕೊಡುವ ರೂಢಿ ನಮ್ಮಲ್ಲಿಲ್ಲ. ಅತ್ತೆ ತಟ್ಟೆಯಲ್ಲಿ ಒಣಶುಂಠಿ, ಓಂಕಾಳು, ಬೆಲ್ಲ, ಒಂದು ಬಟ್ಟಲು ಕೊಬ್ಬರಿ ಇಟ್ಟಳು. ಬೇವಿನ ಟೊಂಗೆಯೊಂದನ್ನು ನನ್ನ ಕೈಗೆ ಕೊಟ್ಟಳು. ಕೂಸು ಹುಟ್ಟಿದ ಮನೆಯ ಬಾಗಿಲಿಗೆ ಸಿಕ್ಕಿಸಲು. ಹೀಗೆ ನಾವಿಬ್ಬರೂ ಏಸುಸ್ವಾಮಿಯ ಬಾಣಂತನಕ್ಕೆ ಹೊರಟೆವು.

ನರ್ಸಕ್ಕನ ಪಡಸಾಲೆಯ ಮೂಲೆಯಲ್ಲಿ ಗೋದಲಿ ಮಾಡಿದ್ದರು. ಹುಲ್ಲು ಹಾಸಿ, ಚಿಕ್ಕ ಚಪ್ಪರ ಹಾಕಿ, ಗೊಂಬೆಗಳನ್ನು ನಿಲ್ಲಿಸಿದ್ದರು. ತಾಯಿ, ತಂದೆ, ಕುರಿ ಹಿಡಿದವನೊಬ್ಬ, ಕತ್ತೆ, ಕಿರೀಟದ ಮೂವರು. ನಡುವೆ ಹುಲ್ಲಿನ ಮೇಲೆ ಬರಿಮೈಯ ಕೂಸು. ಅತ್ತೆ ಬಾಗಿಲಲ್ಲಿ ಕಾಲು ತೊಳೆದುಕೊಂಡೇ ಒಳಗೆ ಬಂದಳು. ಬೀದಿಯಿಂದ ಬಂದವರು ಹಸುಗೂಸಿನ ಹತ್ತಿರ ನೇರ ಹೋಗಬಾರದು.

"ಯಾವಾಗ ಹುಟ್ಟಿದ್ದು?" ಎಂದಳು.

"ಇವತ್ತ," ಎಂದರು ನರ್ಸಕ್ಕ.

"ಇವತ್ತ ಹುಟ್ಟಿದ ಕೂಸನ್ನ ಈ ಚಳ್ಯಾಗ ಬರೇ ಮೈಲೆ ಹುಲ್ಲಿನ ಮ್ಯಾಲೆ ಮಲಗಿಸೀರಿ. ನೀವ ನರ್ಸಾಗಿ."

"ಬಡವರು, ಹಾಲಮ್ಮಕ್ಕ. ಊರಾಗ ಇಳಕೊಳ್ಳಾಕ ಜಾಗ ಸಿಗಲಿಲ್ಲ. ದನದ ಕ್ವಟ್ಟಿಗ್ಯಾಗ ಹೆರಿಗಿ ಆತು."

"ಹೆರಿಗಿ ಮಾಡಿದೋರು ಯಾರು?"

 ಅಷ್ಟು ಹೆರಿಗೆ ಮಾಡಿಸಿದ ನರ್ಸಕ್ಕನಿಗೂ ಆ ಪ್ರಶ್ನೆ ಎಂದೂ ಹೊಳೆದಿರಲಿಲ್ಲ. "ಅದನ್ನ ಬರೆದಿಲ್ಲ," ಎಂದರು.

"ಬರೆದಿಲ್ಲ ಅಂದ್ರ ನಮ್ಮಂಥೋರು ಯಾರೋ ಇದ್ದಿರಬೇಕು, ಬಿಡ್ರಿ," ಎಂದಳು ಅತ್ತೆ.

ಆಮೇಲೆ ಕಿರೀಟದ ಮೂವರ ವಿಚಾರಣೆ. ಅವರು ಪೂರ್ವದಿಕ್ಕಿನ ಜ್ಞಾನಿಗಳು, ಚುಕ್ಕಿ ನೋಡಿಕೊಂಡು ಬಂದವರು, ಕೂಸಿಗೆ ಚಿನ್ನ, ಧೂಪ, ರಕ್ತಬೋಳ ತಂದವರು ಎಂದು ನರ್ಸಕ್ಕ ಹೇಳಿದರು. ಬೋಳ ಎಂದದ್ದೇ ಅತ್ತೆಯ ಮುಖ ಅರಳಿತು. ನಿಮ್ಮಲ್ಲಿ ಹಳಬರಿಗೆ ಗೊತ್ತಿರಬಹುದು, ನಾಟಿ ಔಷಧಿ ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಕಂದು ಬಣ್ಣದ ಕಹಿ ಅಂಟು ಅದು. ಬಾಣಂತಿಗೆ ಚಿಟಿಕೆ ಬೋಳವನ್ನು ಬೆಲ್ಲದಲ್ಲಿ ಕೊಡುವುದು ನಮ್ಮ ಹಳೆಯ ಪದ್ಧತಿ. ಅತ್ತೆ ನನ್ನ ತಾಯಿಗೆ ಕೊಟ್ಟಿದ್ದಳು, ಆಮೇಲೆ ನನಗೂ ಕೊಟ್ಟಳು. ಅದರ ಕಹಿ ಈಗಲೂ ನಾಲಿಗೆಯ ಮೇಲಿದೆ.

"ಮೂವರು ಗಂಡಸರಿಗೆ ಅಷ್ಟಾದ್ರೂ ತಿಳಿವಳಿಕಿ ಇತ್ತಲ್ಲ," ಎಂದಳು ಅತ್ತೆ. "ಕೂಸಿಗೆ ಲೋಬಾನ, ಬಾಣಂತಿಗೆ ಬೋಳ. ಮನ್ಯಾಗಿನ ಹೆಂಗಸರು ಹೇಳಿ ಕಳಿಸಿರಬೇಕು."

ದೊಡ್ಡವಳಾದ ಮೇಲೆ ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ಬೋಳವೂ ಧೂಪವೂ ಅರಬರ ಸೀಮೆಯ, ಅದರಾಚೆಯ ಕಡಲ ದಂಡೆಯ ಗಿಡಗಳ ಅಂಟು. ಒಂಟೆಯ ಮೇಲೆ, ಹಡಗಿನ ಮೇಲೆ, ಯಾವ ಯಾವ ವ್ಯಾಪಾರಿಗಳ ಗಂಟಿನಲ್ಲೋ ಕುಳಿತು ಒಂದು ಪಾಲು ಆ ಗೋದಲಿಗೆ ಹೋಗಿದೆ, ಇನ್ನೊಂದು ಪಾಲು ಹಡಗಲಿಯ ಬಾಣಂತಿಯ ಕೋಣೆಗೆ ಬಂದಿದೆ. ನನ್ನ ಅತ್ತೆಗೆ ಭೂಗೋಳ ಗೊತ್ತಿರಲಿಲ್ಲ. ಅವಳು ಕಂಡದ್ದು ತನ್ನ ಕಸಬಿನ ಸಾಮಾನನ್ನು, ಗುರುತು ಹಿಡಿದಳು, ಅಷ್ಟೇ.

ಗೋದಲಿಯಲ್ಲಿ ಎತ್ತು ಇರಲಿಲ್ಲ. ನರ್ಸಕ್ಕ ವರ್ಗವಾಗಿ ಬಸ್ಸಿನಲ್ಲಿ ಬರುವಾಗ ಇದ್ದ ಎತ್ತಿನ ಬೊಂಬೆಯ ತಲೆ ಮುರಿದಿತ್ತಂತೆ. "ಎತ್ತಿಲ್ಲದ ಗ್ವಾದಲಿ ಮನಿಗೆ ಚಲೋ ಅಲ್ಲ" ಎಂದು ಅತ್ತೆ ನನ್ನನ್ನು ಓಡಿಸಿದಳು. ಆ ವರ್ಷ ಮಳೆ ಕಡಿಮೆ, ಮಾಳಿಗೆಯ ಮೇಲೆ ಮಣ್ಣೆತ್ತುಗಳು ಕರಗದೆ ಹಾಗೇ ಇದ್ದವು. ಒಂದು ಸಾಕು ಎಂದರು ನರ್ಸಕ್ಕ. ಜೋಡಿ ಅಗಲಿಸಬಾರದು ಎಂದು ಅತ್ತೆ ಎರಡನ್ನೂ ನಿಲ್ಲಿಸಿದಳು. ಕುರಿ ಹಿಡಿದವನನ್ನು ನೋಡಿ, "ಕುರುಬರು ಬಂದಾರಂದ್ರ ಕಂಬಳಿ ತಂದಿರ್ತಾರ" ಎಂದು ಅಂಗೈಯಷ್ಟು ಕಂಬಳಿಯ ಚೂರನ್ನು ಕೂಸಿಗೆ ಹೊದಿಸಿದಳು. ಆಗಲೇ ಅವಳ ಮನಸ್ಸಿಗೆ ಹಗುರವಾದದ್ದು.

ಮುಂದೆ ನಾನು ಹಗರಿಬೊಮ್ಮನಹಳ್ಳಿಯಲ್ಲಿ, ಎಲ್ಲರ ಬಾಯಿಯ ಎಚ್.ಬಿ. ಹಳ್ಳಿಯಲ್ಲಿ, ಶಿಕ್ಷಕಿಯಾದ ಮೇಲೆ ಡಿಸೆಂಬರ್ ಬಂತೆಂದರೆ ಪ್ರಾರ್ಥನೆಯ ಹೊತ್ತಿನಲ್ಲಿ ನನ್ನದೊಂದು ಭಾಷಣ ಕಾಯಂ. ಹುಟ್ಟಿದ ತಾರೀಖನ್ನು ಅವರ ಗ್ರಂಥದಲ್ಲಿ ಎಲ್ಲೂ ಬರೆದಿಲ್ಲ, ಹಗಲು ಮತ್ತೆ ಬೆಳೆಯತೊಡಗುವ ಹೊತ್ತಿನ ಹಳೆಯ ಸೂರ್ಯನ ಹಬ್ಬದ ಪಕ್ಕಕ್ಕೆ ಇದು ಬಂದು ಕೂತಿರಬೇಕೆಂದು ಕೆಲವರು ಹೇಳುತ್ತಾರೆ. ಗಿಡಕ್ಕೆ ಸಿಂಗಾರ ಮಾಡುವುದು ಜರ್ಮನಿಯ ಕಡೆಯಿಂದ, ಗೋದಲಿ ಕಟ್ಟಿ ತೋರಿಸುವುದನ್ನು ರೂಢಿಗೆ ತಂದವನು ಇಟಲಿಯ ಒಬ್ಬ ಸಂತ, ಕೆಂಪಂಗಿಯ ತಾತ ಮೊದಲು ಈಗಿನ ತುರ್ಕಿಯ ಸೀಮೆಯಲ್ಲಿ ಪಾದ್ರಿಯಾಗಿದ್ದವನು. ಎತ್ತು, ಕತ್ತೆ ಕೂಡ ಏಸು ಹುಟ್ಟಿದ ಕತೆಯಲ್ಲಿ ಇಲ್ಲ, ಆಮೇಲೆ ಬಂದು ಸೇರಿಕೊಂಡವು. ಇದನ್ನು ಓದಿ ತಿಳಿದ ದಿನ ನನಗೆ ಬಹಳ ಸಂತೋಷವಾಯಿತು. ಬೇರೆಯವರು ತಂದು ನಿಲ್ಲಿಸಿದ ಎತ್ತಿನ ಪಕ್ಕದಲ್ಲಿ ನಮ್ಮ ಅತ್ತೆಯವೂ ನಿಂತರೆ ತಪ್ಪೇನು?

ಒಂದು ವರ್ಷ ಮಕ್ಕಳು ಗಿಡ ಬೇಕೆಂದರು. ಯಾವಾಗಲೂ ಹಸಿರಾಗಿರುವ ಗಿಡ ಎಂದು ನಾನೇ ಹೇಳಿಕೊಟ್ಟಿದ್ದೆ. ಮರುದಿನ ಬಳ್ಳಾರಿ ಜಾಲಿಯ ಟೊಂಗೆ ಎಳೆದು ತಂದು ನಿಲ್ಲಿಸಿದರು. ನಮ್ಮ ಬಿಸಿಲಿಗೆ ಬಾಡದ ಗಿಡ ಇನ್ಯಾವುದಿದೆ? ಬಲೂನು ಕಟ್ಟಿದಂತೆಲ್ಲ ಮುಳ್ಳಿಗೆ ಒಡೆದವು. ಮುಖ್ಯೋಪಾಧ್ಯಾಯರಿಂದ ನನಗೆ ಮಂಗಳಾರತಿಯಾಯಿತು. ಆ ಜಾಲಿಯೂ ಪರದೇಶದಿಂದ ಬಂದು ಇಲ್ಲಿ ಬೇರು ಬಿಟ್ಟದ್ದೇ ಎಂದು ಅವರಿಗೆ ಹೇಳಬೇಕೆಂದುಕೊಂಡೆ, ಧೈರ್ಯ ಸಾಲಲಿಲ್ಲ.

ನಕ್ಷತ್ರದ್ದೂ ಒಂದು ಮಾತು. ನರ್ಸಕ್ಕ ಮೊದಲ ವರ್ಷ ನಕ್ಷತ್ರ ಮಾಡಿಸಿದ್ದು ಹುಸೇನ್ ಸಾಬರಿಂದ. ಮೊಹರಮ್ಮಿಗೆ ಬಿದಿರು ಸೀಳಿ ಬೇಗಡೆ ಕಾಗದ ಅಂಟಿಸಿ ತಾಬೂತು ಕಟ್ಟುವವರು ಅವರು. ಚುಕ್ಕಿಗೂ ತಾಬೂತಿನ ಜರಿಯ ಕುಚ್ಚು ಇಳಿಬಿಟ್ಟುಕೊಟ್ಟರು. ಚಂದ ಕಂಡಿತೆಂದು ಮರುವರ್ಷ ನಮ್ಮ ಓಣಿಯವರು ದೀಪಾವಳಿಯ ಆಕಾಶಬುಟ್ಟಿಗೂ ಅಂಥದ್ದೇ ಮಾಡಿಸಿದರು. ಈಗ ಎಚ್.ಬಿ. ಹಳ್ಳಿಯ ಮೊಬೈಲು ಅಂಗಡಿಯವರು ದೀಪಾವಳಿಗೆ ಕಟ್ಟಿದ ಪ್ಲಾಸ್ಟಿಕ್ ನಕ್ಷತ್ರವನ್ನು ಯುಗಾದಿಯವರೆಗೆ ಇಳಿಸುವುದಿಲ್ಲ. ಅದು ಯಾರ ಹಬ್ಬದ್ದೆಂದು ಅವರನ್ನು ಕೇಳಿದರೆ ಕರೆನ್ಸಿ ಹಾಕಿಸೋದಿದ್ದರೆ ಹೇಳ್ರಿ ಎನ್ನುತ್ತಾರೆ.

ಮಾತು ಎಲ್ಲಿಗೋ ಹೋಯಿತು. ನಾನು ಹೇಳಬೇಕಾದದ್ದು ಹದಿಮೂರನೆಯ ದಿನದ ಸಂಗತಿ.

ಅತ್ತೆ ಡಿಸೆಂಬರ್ ಇಪ್ಪತ್ತೈದರಿಂದ ಬೆರಳೆಣಿಸುತ್ತಿದ್ದಳು. ಗಂಡುಕೂಸು, ಹದಿಮೂರನೆಯ ದಿನಕ್ಕೆ ತೊಟ್ಟಿಲು. ಜನವರಿ ಆರಕ್ಕೆ ಲೆಕ್ಕ ಸರಿಹೋಯಿತು. ಸಂಜೆ ನನ್ನನ್ನು ಕರೆದುಕೊಂಡು ಹೋದರೆ ನರ್ಸಕ್ಕ ಗೊಂಬೆಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದರು. ಆ ಮೂವರು ಜ್ಞಾನಿಗಳು ಬಂದು ಮುಟ್ಟಿದ ದಿನ ಇದು, ಇಲ್ಲಿಗೆ ಹಬ್ಬ ಮುಗಿಯಿತು ಎಂದರು.

"ಹಂಗಾದ್ರ ಅವ್ರು ತೊಟ್ಲಿಗೇ ಬಂದಾರ," ಎಂದಳು ಅತ್ತೆ. "ಬಂದೋರಿಗೆ ತೊಟ್ಲು ತೋರಿಸದ ಹೆಂಗ ಕಳಿಸ್ತೀರಿ?"

ನರ್ಸಕ್ಕ ನಕ್ಕರು. ಒಳಗೆ ಹೋಗಿ ತಮ್ಮ ಬಿಳಿ ಸೀರೆಯ ತುಂಡೊಂದನ್ನು ತಂದು ಕಿಟಕಿಯ ಸರಳಿಗೆ ಜೋಲಿ ಕಟ್ಟಿದರು. ಪೆಟ್ಟಿಗೆಯಿಂದ ಕೂಸನ್ನು ತೆಗೆದು ಅತ್ತೆಯ ಕಡೆ ಚಾಚಿದರು. "ತೊಗೊಳ್ರಿ, ಹಾಲಮ್ಮಕ್ಕ. ನೀವ ಹಾಕ್ರಿ."

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. "ನನ್ನ ಕೈಲೆ ಬ್ಯಾಡ. ದೇವರ ಕೂಸಾದ್ರೂ ಕೂಸ. ಅದಕ್ಕೇನರ ಆದ್ರ?"

ನರ್ಸಕ್ಕನಿಗೆ ಅದು ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ದನಿ ಇಳಿಯಿತು. "ಇದಕ್ಕ ಆರತಿ ಎತ್ತಾಕ ಯಾವ ಮುತ್ತೈದಿ ಬಂದಿದ್ಲು, ಹಾಲಮ್ಮಕ್ಕ? ಬಂದೋರು ಕುರಿ ಕಾಯೋರು. ಕ್ವಟ್ಟಿಗ್ಯಾಗ ಇದನ್ನ ಮೊದ್ಲ ಯಾರು ಎತ್ತಿಕೊಂಡ್ರು ಅಂತ ಬರೆದಿಲ್ಲ. ನಮ್ಮಂಥೋರು ಇದ್ದಿರಬೇಕು ಅಂತ ನೀವ ಹೇಳಿದ್ರಿ."

ಅತ್ತೆ ಸೆರಗಿನಿಂದ ಕೈ ಹೊರಗೆ ತೆಗೆದಳು. ಆಮೇಲೆ ಕೈ ತೊಳೆದುಕೊಂಡು ಬಂದು, ಬೊಂಬೆಯ ಕುತ್ತಿಗೆಗೆ ಅಂಗೈ ಆಸರೆ ಕೊಟ್ಟು, ನಿಜವಾದ ಕೂಸನ್ನು ಎತ್ತುವ ಹಾಗೆಯೇ ಎತ್ತಿ ಜೋಲಿಯಲ್ಲಿಟ್ಟಳು. ನೂರಾರು ಕೂಸುಗಳಿಗೆ ನೀರು ಹಾಕಿದ್ದ ಅವಳು ತೊಟ್ಟಿಲಿಗೆ ಹಾಕಿದ ಮೊದಲ ಕೂಸು ಅದು. ಜೋಲಿ ತೂಗುತ್ತಾ ಜೋ ಜೋ ಎಂದಳು.  ನನಗೆ ಏನೂ ತಿಳಿಯದೆ ಕೊಬ್ಬರಿ ಯಾವಾಗ ಹಂಚುತ್ತಾರೆ ಎಂದು ಕೇಳಿದೆ.

ಲೂರ್ದಮ್ಮ ಹಡಗಲಿಯಲ್ಲಿದ್ದಷ್ಟು ವರ್ಷವೂ ಇದು ನಡೆಯಿತು. ಅವರ ಕ್ರಿಸ್‌ಮಸ್ ತಟ್ಟೆಗೆ ಅಂಟಿನುಂಡೆ ಸೇರಿತು. ಅವರು ವರ್ಗವಾಗಿ ಹೊರಟ ದಿನ ಅತ್ತೆ ಒಂದು ಎತ್ತನ್ನು ಅವರ ಪೆಟ್ಟಿಗೆಯಲ್ಲಿಟ್ಟು, ಇನ್ನೊಂದನ್ನು ತಾನಿಟ್ಟುಕೊಂಡಳು. ಜೋಡಿ ಅಗಲಿಸಬಾರದೆಂಬ ನೇಮವನ್ನು ಅವಳು ಮುರಿದದ್ದು ಅದೊಂದೇ ಸಲ. ಅಂದಿನಿಂದ ನೀರು ಹಾಕಲು ಹೋದ ಮನೆಯಲ್ಲೆಲ್ಲ, ಕೂಸು ಮಲಗಿದ ಕಡೆ ಆ ಎತ್ತನ್ನು ಇಡತೊಡಗಿದಳು. "ಕೂಸು ಹುಟ್ಟಿದ ಮನ್ಯಾಗ ಒಂದು ಎತ್ತು ಇರಬೇಕು" ಎನ್ನುತ್ತಿದ್ದಳು. ಕಾರಣ ಯಾರೂ ಕೇಳಲಿಲ್ಲ. ಈಗ ಆ ಓಣಿಯ ಹೆಂಗಸರು ಬಾಣಂತಿಯ ಕೋಣೆಯಲ್ಲಿ ಮಣ್ಣೆತ್ತು ಇಡುತ್ತಾರೆ. ಕೇಳಿದರೆ, ನಮ್ಮ ಹಿರೇರ ಕಾಲದಿಂದ ಬಂದದ್ದು ಎನ್ನುತ್ತಾರೆ. ಸಂಪ್ರದಾಯಗಳ ಮೂಲದ ಬಗ್ಗೆ ಭಾಷಣ ಬಿಗಿಯುವ ನಾನು ಕಣ್ಣಾರೆ ಕಂಡ ಒಂದೇ ಒಂದು ಮೂಲ ಇದು.

ಇಪ್ಪತ್ತೆಂಟು ವರ್ಷದ ಹಿಂದೆ ಶೈಲಾ ಹುಟ್ಟಿದಾಗ ನನ್ನ ಬಾಣಂತನಕ್ಕೆ ಅತ್ತೆ ಎಚ್.ಬಿ. ಹಳ್ಳಿಗೆ ಬಂದಳು. ಚೀಲದಲ್ಲಿ ಬೋಳ, ಶುಂಠಿಯ ಜೊತೆ ಬಂದ ಈ ಎತ್ತು ಆಮೇಲೆ ನಮ್ಮಲ್ಲೇ ಉಳಿಯಿತು. ಹನ್ನೊಂದು ದಿನ ನನ್ನ ಕೂಸು ಅವಳ ಕಾಲ ಮೇಲೆ ಮಲಗಿತು. ಹನ್ನೆರಡನೆಯ ದಿನ ನನ್ನ ಗಂಡನ ಮನೆಯವರು ಬಂದರು, ಪಡಸಾಲೆ ತುಂಬಿತು. ಹಾಲಮ್ಮತ್ತೆ ಕೂಸಿಗೆ ಕುಂಚಿಗೆ ಕಟ್ಟಿ ನನ್ನ ಮಡಿಲಲ್ಲಿಟ್ಟಳು. ಒಂದು ಕ್ಷಣ ನನ್ನ ಮುಖ ನೋಡಿದಳು. ನಾನು ಓದಿದವಳು, ನೌಕರಿಯವಳು. ನರ್ಸಕ್ಕನ ಮನೆಯ ಜೋಲಿಯನ್ನು ಕಣ್ಣಾರೆ ಕಂಡವಳು. 'ಅತ್ತಿ, ನೀನ ಹಾಕು' ಎಂಬ ಮೂರು ಮಾತು ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಕೂತಿದ್ದವರನ್ನು ನೋಡಿ ನುಂಗಿಕೊಂಡೆ. ಅತ್ತೆ ಅಡುಗೆ ಮನೆಗೆ ಹೋದಳು. ಆ ಮೂರು ಮಾತು ಇಷ್ಟು ವರ್ಷವೂ ನನ್ನೊಳಗೇ ಉಳಿದು ನನ್ನನ್ನು ತಿನ್ನುತ್ತಿತ್ತು ಎಂದು ಹೇಳುವಷ್ಟು ಒಳ್ಳೆಯವಳು ನಾನಲ್ಲ. ಮರೆತಿದ್ದೆ. ನನ್ನ ಹಣೆ ಬರಿದಾಗಿ, ಮೊದಲ ಮದುವೆಮನೆಯಲ್ಲಿ ಕುಂಕುಮದ ಬಟ್ಟಲು ನನ್ನನ್ನು ದಾಟಿ ಮುಂದಿನವರಿಗೆ ಹೋದಾಗ ನೆನಪಾಯಿತು.

ಎತ್ತನ್ನು ಹಿಡಿದುಕೊಂಡು ಅಟ್ಟದಿಂದ ಇಳಿದವಳೇ ಮಗಳಿಗೆ ಎಲ್ಲ ಹೇಳಿದೆ. ಅವಳು ಕೂಸಿಗೆ ಹಾಲು ಕುಡಿಸುತ್ತಾ ಕೇಳಿ, "ಮತ್ತ ಇನ್ನೂ ಯಾಕ ಕುಂತಿ? ಹೋಗಿ ಕರಕೊಂಡು ಬಾ" ಎಂದಳು.

ಶಾಸ್ತ್ರದ ಹಿಂದಿನ ದಿನ ಹಡಗಲಿಗೆ ಹೋದೆ. ಅತ್ತೆಗೆ ಈಗ ಎಂಬತ್ತು ದಾಟಿದೆ. ನನ್ನ ತಮ್ಮನ ಮನೆಯ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದಳು. ಕಣ್ಣು ಮಂಜು, ಕಿವಿ ಮಾತ್ರ ಚುರುಕು.

"ನನ್ನ ಯಾಕ ಕರಿತೀ? ಅಡಗಿ ಮಾಡಾಕ ಕೈ ನಡುಗ್ತಾವ."

"ಅಡಗಿಗಲ್ಲ, ಅತ್ತಿ. ಕೂಸನ್ನ ತೊಟ್ಲಿಗೆ ಹಾಕಾಕ."

ಅವಳು ಎದ್ದು ಒಳಗೆ ಹೋಗಿ ಒಗೆದ ಸೀರೆ ಉಟ್ಟುಕೊಂಡು ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಕೈ ನನ್ನ ಕೈಯಲ್ಲಿತ್ತು. 

ಮರುದಿನ ಹರಪನಹಳ್ಳಿಯಿಂದ ಬೀಗರು ಬಂದರು. ವಿಷಯ ತಿಳಿದ ಬೀಗತಿ ನನ್ನನ್ನು ಪಕ್ಕಕ್ಕೆ ಕರೆದರು. ಕೆಟ್ಟವರಲ್ಲ, ಅಂಜಿದ್ದರು. "ಮೊದಲ ಕೂಸು, ರೀ. ನಾಳೆ ಏನಾರ ಒಂದು ಹೆಚ್ಚುಕಡಿಮಿ ಆದ್ರೆ ಮಂದಿ ಬಾಯಿ ಸುಮ್ನಿರ್ತತೇನ್ರಿ?"

ನನ್ನ ಭಾಷಣಗಳು ಒಂದೂ ಆ ಹೊತ್ತಿಗೆ ಒದಗಲಿಲ್ಲ. ಕಂಡದ್ದನ್ನೇ ಹೇಳಿದೆ. "ಹನ್ನೊಂದು ದಿನ ಕೂಸಿಗೆ ನೀರು ಹಾಕಿದಾಕಿ ನಾನ, ರೀ. ನನ್ನ ಕಾಲ ಮ್ಯಾಲೆ ಮಲಗಿ ಎದ್ದೈತಿ. ಅದಕ್ಕೇನೂ ಆಗಿಲ್ಲ. ಈ ಕೈಗೆ ನೀರು ಹಾಕಾಕ ಬರ್ತೈತಿ ಅಂದ್ರ, ಅತ್ತಿ ಕೈಗೆ ತೊಟ್ಲಿಗೆ ಹಾಕಾಕ ಯಾಕ ಬರಂಗಿಲ್ಲ?"

ಅವರು ಕೋಣೆಯೊಳಗೆ ಮಲಗಿದ್ದ ಕೂಸನ್ನು ನೋಡಿದರು. "ಆತು ತಗಳ್ರಿ," ಎಂದು ದಾರಿ ಬಿಟ್ಟರು. ಒಪ್ಪಿದರೋ, ಬಂದ ಮನೆಯಲ್ಲಿ ಜಗಳ ಬೇಡವೆಂದುಕೊಂಡರೋ ನನಗೆ ತಿಳಿಯಲಿಲ್ಲ. ಅವರ ಜೊತೆ ಬಂದಿದ್ದ ಇಬ್ಬರು ಹೆಂಗಸರು ಎದ್ದು ಅಂಗಳಕ್ಕೆ ಹೋದರು.

ಶೈಲಾ ಕೂಸನ್ನು ಅತ್ತೆಯ ಕೈಗೆ ಕೊಟ್ಟಳು. ಬೆಳಗಿನಿಂದ ನೀರಿನ ಲೋಟ ಹಿಡಿಯಲೂ ನಡುಗುತ್ತಿದ್ದ ಕೈಗಳು ಕೂಸು ಬಂದಾಕ್ಷಣ ನಿಂತವು. ಕುತ್ತಿಗೆಗೆ ಅಂಗೈ ಕೊಟ್ಟು, ಮಂಜುಗಣ್ಣನ್ನು ಹತ್ತಿರ ತಂದು ಮುಖ ನೋಡಿ, ತೊಟ್ಟಿಲಲ್ಲಿ ಮಲಗಿಸಿದಳು. ಕೂಸಿನ ಸೋದರತ್ತೆ, ನನ್ನ ಅಳಿಯನ ತಂಗಿ, ಕಿವಿಯಲ್ಲಿ ಹೆಸರು ಹೇಳಿದಳು, ಎಲ್ಲರೂ ತೂಗಿದರು. ಅತ್ತೆ ತೊಟ್ಟಿಲಿನ ಅಂಚನ್ನು ಬಿಡದೆ ನಿಂತಿದ್ದಳು. ನನಗೆ ಕಣ್ಣು ತುಂಬಿ ಬಂತು. ಜೊತೆಗೆ, ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆಯೂ ಬಂತು. ಅದನ್ನೂ ಮುಚ್ಚಿಡುವುದಿಲ್ಲ.

ಊಟ ಮುಗಿದು ಬೀಗರು ಹೊರಟರು. ಅತ್ತೆ ಕೋಣೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಹೇಳಿದೆ.

"ಅತ್ತಿ, ಶೈಲಾನ ತೊಟ್ಲಿನ ದಿನ ನಿನ್ನ ಕರೀಬೇಕಿತ್ತು. ಬಾಯಿತನಕ ಬಂದಿತ್ತು. ಕರೀಲಿಲ್ಲ. ತಪ್ಪಾತು."

ಅವಳು ಇಲ್ಲ ಬಿಡು ಎನ್ನುತ್ತಾಳೆ, ಆಗಿನ ಕಾಲ ಹಂಗಿತ್ತು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಗೆ ಅನ್ನಲಿಲ್ಲ.

"ಗೊತ್ತೈತಿ," ಎಂದಳು. "ಆವತ್ತು ಒಲಿ ಮುಂದ ಕುಂತು ನಿನ್ನ ದನಿಗೆ ಕಿವಿ ಕೊಟ್ಟಿದ್ನಿ. ಈಗ ಕರೀತಾಳ, ಈಗ ಕರೀತಾಳ ಅಂತ. ನರ್ಸಕ್ಕನ ಮನ್ಯಾಗ ನೋಡ್ಯಾಳ, ಓದ್ಯಾಳ, ಕರದ ಕರೀತಾಳ ಅಂತ. ಹೊರಗ ಜೋಗುಳ ಶುರು ಆತು. ಆಮ್ಯಾಲೆ ನೋಡಿದ್ರ ಪಾಯಸ ತಳ ಹತ್ತಿತ್ತು."

ಆ ಪಾಯಸ ನನಗೆ ನೆನಪಿದೆ. ಬಡಿಸುವಾಗ ಎಲ್ಲರೂ ಅತ್ತೆಯನ್ನು ಕಾಡಿಸಿದರು, ಅಡುಗೆ ಮಾಡುವವಳ ಚಿತ್ತ ಎಲ್ಲಿತ್ತೋ ಎಂದು. ಎಲ್ಲರ ಜೊತೆ ನಾನೂ ನಕ್ಕಿದ್ದೆ.